ಸಣ್ಣ ಗ್ರಾಮೀಣ ಗ್ರಂಥಾಲಯದ ಗಣಿತ ಕೂಟಕ್ಕೆ ಅನುದಾನ ಕೇಳುವುದು ಹೇಗೆ?

ಪ್ರಶ್ನೆ: ಗ್ರಂಥಪಾಲಕಿ

ಮಾನ್ಯರೇ,

ಒಂದೇ ಕೋಣೆ, ನಾಲ್ಕು ಮೇಜು ಇರುವ ಗ್ರಾಮೀಣ ಗ್ರಂಥಾಲಯವೊಂದನ್ನು ನಾನೊಬ್ಬಳೇ ನೋಡಿಕೊಳ್ಳುತ್ತಿದ್ದೇನೆ. ಬಾಗಿಲು ತೆರೆಯುವುದು, ಪುಸ್ತಕ ಕೊಟ್ಟು ಹಿಂಪಡೆಯುವುದು, ಪತ್ರಿಕೆ ಜೋಡಿಸುವುದು, ಲೆಕ್ಕ ಬರೆಯುವುದು ಎಲ್ಲವೂ ನನ್ನದೇ ಹೊಣೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಬರುತ್ತಾರೆ. ಅವರನ್ನು ಕರೆದೊಯ್ಯಲು ಬರುವ ಹಿರಿಯರು ಪತ್ರಿಕೆ ತಿರುವಿಹಾಕುತ್ತಾ ಕಾಯುತ್ತಿರುತ್ತಾರೆ. ತಿಂಗಳಿಗೊಮ್ಮೆ ಇವರೆಲ್ಲ ಒಂದೇ ಮೇಜಿನ ಸುತ್ತ ಕುಳಿತು, ಗಣಿತದ ಒಗಟು, ಆಟ, ಕಾಗದದ ಮಡಿಕೆ ಇಂಥವುಗಳಲ್ಲಿ ಎರಡು ಗಂಟೆ ಕಳೆಯುವ ಕೂಟವೊಂದನ್ನು ನಡೆಸಬೇಕೆಂಬುದು ನನ್ನ ಬಹುದಿನದ ಆಸೆ. ಗಣಿತವೆಂದರೆ ಪರೀಕ್ಷೆಯ ಭಯವಷ್ಟೇ ನೆನಪಿನಲ್ಲಿ ಉಳಿದಿರುವ ಹಿರಿಯರೂ ಇದರಲ್ಲಿ ಕೈಯಾಡಿಸಬೇಕು ಎಂಬುದು ನನಗೆ ಮುಖ್ಯ.

ಕಳೆದ ವರ್ಷ ಒಂದು ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದ್ದೆ. ಒಂದು ದಿನದ ಗಣಿತ ಉತ್ಸವ, ಅದಕ್ಕೆ ವೇದಿಕೆ ಮತ್ತು ಧ್ವನಿವರ್ಧಕ, ಸಿದ್ಧ ಗಣಿತ ಕಿಟ್‌ಗಳು, ರಸಪ್ರಶ್ನೆಯ ಬಹುಮಾನ, ಪ್ರಮಾಣಪತ್ರ ಇವಿಷ್ಟು ನಾನು ಕೇಳಿದ ಬಾಬುಗಳು. "ಕಾರ್ಯಕ್ರಮದ ಪರಿಣಾಮ ಸ್ಪಷ್ಟವಾಗಿಲ್ಲ" ಎಂಬ ಒಂದೇ ಸಾಲಿನ ಷರಾದೊಂದಿಗೆ ಅರ್ಜಿ ತಿರಸ್ಕೃತವಾಯಿತು. ಈ ವರ್ಷ ಮತ್ತೆ ಬರೆಯುವ ಮುನ್ನ ಅನುಭವಸ್ಥರನ್ನು ಕೇಳುತ್ತಿದ್ದೇನೆ. ಇಂಥ ಸಣ್ಣ ಕೆಲಸಕ್ಕೆ ಯಾರ ಬಳಿ ಹಣ ಕೇಳಬೇಕು? ಯಾವ ಬಾಬಿಗೆ ಕೇಳಬೇಕು? ಪರೀಕ್ಷೆ ನಡೆಸದೆ, ಅಂಕ ಕೊಡದೆ, ಪರಿಣಾಮವಾಗಿದೆ ಎಂದು ತೋರಿಸುವುದು ಹೇಗೆ? ನಾನು ಗಣಿತ ಓದಿದವಳಲ್ಲ ಎಂಬುದನ್ನೂ ಗಮನಿಸಿ ಉತ್ತರಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಅರ್ಜಿ ಪರಿಶೀಲನಾ ಸಮಿತಿಯೊಂದರ ಮಾಜಿ ಸದಸ್ಯ

ಮೇಡಂ,

ನಿಮ್ಮ ಅರ್ಜಿಯನ್ನು ನಾನು ನೋಡಿಲ್ಲ. ಆದರೆ ಅಂಥ ಅರ್ಜಿಗಳನ್ನು ಹಲವು ವರ್ಷ ಓದಿದ್ದೇನೆ; ಆ ಷರಾ ಏಕೆ ಬಂತೆಂದು ಊಹಿಸಬಲ್ಲೆ. ನೀವು ಪಟ್ಟಿ ಮಾಡಿದ ಬಾಬುಗಳಲ್ಲಿ ಒಂದಾದರೂ ಮೇಜಿನ ಬಳಿ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳುವ ಮನುಷ್ಯನಿಗೆ ಸಂಬಂಧಿಸಿದ್ದಲ್ಲ. ಒಗಟು ಕೈಗೆ ಬಂದ ಐದನೆಯ ನಿಮಿಷಕ್ಕೆ ಮಗು ಅದನ್ನು ಬದಿಗೆ ತಳ್ಳುತ್ತದೆ. ಆ ಹೊತ್ತಿನಲ್ಲಿ ಪಕ್ಕದಲ್ಲಿರುವವರು ಉತ್ತರ ಹೇಳಿಬಿಡದೆ "ಇಲ್ಲಿಯವರೆಗೆ ಏನು ಮಾಡಿದೆ, ತೋರಿಸು" ಎಂದು ಕೇಳಿದರೆ ಮಗು ಇನ್ನೂ ಹತ್ತು ನಿಮಿಷ ಕೂರುತ್ತದೆ. ಗಣಿತ ಕೂಟದ ಸಾರವೆಲ್ಲ ಆ ಹತ್ತು ನಿಮಿಷದಲ್ಲಿದೆ. ಆದ್ದರಿಂದ ನೀವು ಹಣ ಕೇಳಬೇಕಾದದ್ದು ಮೊದಲಿಗೆ ಜನರ ಸಮಯಕ್ಕೆ: ಒಗಟಿನ ಮೇಜು ನಡೆಸುವವರ ಗೌರವಧನಕ್ಕೆ, ಅವರ ಪ್ರಯಾಣಕ್ಕೆ, ಅವರಿಗೆ ಕೊಡುವ ಅರ್ಧ ದಿನದ ತರಬೇತಿಗೆ, ಮತ್ತು ಕೂಟದ ದಿನ ಪುಸ್ತಕ ಕೊಡುವ ಕೆಲಸವನ್ನು ನಿಮ್ಮ ಬದಲು ನೋಡಿಕೊಳ್ಳುವ ಒಬ್ಬ ಸಹಾಯಕರಿಗೆ. ಒಟ್ಟು ಮೊತ್ತದ ನೂರಕ್ಕೆ 60 ಭಾಗವಾದರೂ ಇದಕ್ಕೇ ಮೀಸಲಾಗಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಸಾಮಗ್ರಿಗೆ 15, ಮುದ್ರಣ ಮತ್ತು ಪ್ರಚಾರಕ್ಕೆ 10, ಉಳಿದದ್ದು ದಾಖಲೆ, ವರದಿ ಮತ್ತು ಸಾದಿಲ್ವಾರು ವೆಚ್ಚಕ್ಕೆ ಹೋಗಲಿ.

ಎರಡನೆಯದಾಗಿ, ಒಂದು ದಿನದ ಉತ್ಸವವನ್ನು ಕೈಬಿಡಿ. ಮುನ್ನೂರು ಜನ ಒಂದು ದಿನ ಬಂದು ಹೋದರೆಂಬುದಕ್ಕಿಂತ, ಹದಿನೈದು ಜನ ಎಂಟು ತಿಂಗಳು ಬಂದರೆಂಬುದು ಸಮಿತಿಯ ಮುಂದೆ ಗಟ್ಟಿಯಾಗಿ ನಿಲ್ಲುತ್ತದೆ. ಅಂತರರಾಷ್ಟ್ರೀಯ ಗಣಿತ ದಿನವಾದ ಮಾರ್ಚ್ 14ರಂದು ಕೂಟ ಆರಂಭಿಸುವುದಾದರೆ ಅದಕ್ಕೆ ನನ್ನ ಆಕ್ಷೇಪವಿಲ್ಲ. ಯುನೆಸ್ಕೊ 2019ರ ನವೆಂಬರಿನಲ್ಲಿ ಆ ದಿನವನ್ನು ಘೋಷಿಸಿತು. ಅದಕ್ಕೂ ಮೊದಲೇ, 1988ರಿಂದ, ಪೈ ದಿನವೆಂಬ ಹೆಸರಿನಲ್ಲಿ ಅದೇ ದಿನಾಂಕದಂದು ಆಚರಣೆ ನಡೆದುಬಂದಿದೆ. ಪ್ರತಿ ವರ್ಷ ಒಂದು ವಿಷಯವನ್ನೂ ಪ್ರಕಟಿಸುತ್ತಾರೆ. 2024ರ ವಿಷಯ ಗಣಿತದೊಂದಿಗೆ ಆಟ ಎಂಬುದಾಗಿತ್ತು. ಆದರೆ ಇಡೀ ಯೋಜನೆಯನ್ನು ಆ ಒಂದು ದಿನಾಂಕಕ್ಕೆ ಕಟ್ಟಿಹಾಕಬೇಡಿ. ಮಂಜೂರಾತಿ ಪತ್ರ ಬಂದ ಮೇಲೂ ಹಣ ಕೈಸೇರಲು ತಿಂಗಳುಗಳು ಹಿಡಿಯಬಹುದು.

ಯಾರನ್ನು ಕೇಳಬೇಕೆಂದರೆ, ಮೂರು ಕಡೆ ನೋಡಿ. ಗ್ರಂಥಾಲಯಗಳಿಗೆಂದೇ ಇರುವ ನಿಧಿಗಳು ಒಂದು ಕಡೆ. ಅವುಗಳಲ್ಲಿ ಕೆಲವು ಸಣ್ಣ ಮತ್ತು ಗ್ರಾಮೀಣ ಗ್ರಂಥಾಲಯಗಳಿಗೆ ಪ್ರತ್ಯೇಕ ಪಾಲು ಇಟ್ಟಿರುತ್ತವೆ, ಹಾಗಾಗಿ ನೀವು ದೊಡ್ಡ ಸಂಸ್ಥೆಗಳೊಡನೆ ಪೈಪೋಟಿಗೆ ಇಳಿಯಬೇಕಾಗಿಲ್ಲ. ಗಣಿತದ ಸಂಘಗಳು, ವಿಶ್ವವಿದ್ಯಾಲಯಗಳ ಗಣಿತ ವಿಭಾಗಗಳು ಇನ್ನೊಂದು ಕಡೆ. ಇದನ್ನು ಗ್ರಂಥಾಲಯದವರು ಬಹುತೇಕ ಮರೆತೇಬಿಡುತ್ತಾರೆ. ಸಂಶೋಧನೆಗೆ ಹಣ ಕೊಡುವ ಸಂಸ್ಥೆಗಳು ಆ ಸಂಶೋಧನೆಯಿಂದ ಸಮಾಜಕ್ಕೇನು ದಕ್ಕುತ್ತದೆ ಎಂದೂ ಕೇಳುವುದುಂಟು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಇದನ್ನು 1997ರಲ್ಲಿ ತನ್ನ ಎರಡು ಮುಖ್ಯ ಮಾನದಂಡಗಳಲ್ಲಿ ಒಂದನ್ನಾಗಿ ಮಾಡಿತು. ಹಾಗಾಗಿ ನಿಮ್ಮ ನಾಲ್ಕು ಮೇಜುಗಳು ಗಣಿತ ಸಂಶೋಧಕರೊಬ್ಬರಿಗೂ ಬೇಕಾಗಿರಬಹುದು. ಅವರು ತಮ್ಮ ಅನುದಾನದಲ್ಲೇ ನಿಮ್ಮ ಕೂಟಕ್ಕೊಂದು ಪಾಲು ತೋರಿಸಬಲ್ಲರು. ಮೂರನೆಯದು ಸ್ಥಳೀಯ ಸಂಘಸಂಸ್ಥೆಗಳು. ಮೊತ್ತ ಚಿಕ್ಕದಾದರೂ ಅಲ್ಲಿ ತೀರ್ಮಾನ ಬೇಗ ಆಗುತ್ತದೆ.

ಈ ಸಂದರ್ಭದಲ್ಲಿ ಒಂದು ಹಳೆಯ ಸಂಗತಿಯನ್ನು ಹೇಳಬೇಕೆನಿಸುತ್ತದೆ. ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯವರ ಹಣದಿಂದ 1883ರಿಂದ 1929ರ ನಡುವೆ ಜಗತ್ತಿನಾದ್ಯಂತ 2509 ಗ್ರಂಥಾಲಯಗಳು ನಿರ್ಮಾಣವಾದವು. ಅವರು ಸಾಮಾನ್ಯವಾಗಿ ಹಾಕುತ್ತಿದ್ದ ಷರತ್ತು ಇಷ್ಟು: ನಿವೇಶನವನ್ನು ಊರಿನವರು ಕೊಡಬೇಕು, ಮತ್ತು ಅನುದಾನದ ಮೊತ್ತದ ಶೇಕಡಾ 10ರಷ್ಟನ್ನು ಪ್ರತಿ ವರ್ಷ ನಿರ್ವಹಣೆಗೆಂದು ತೆಗೆದಿಡುವುದಾಗಿ ಒಪ್ಪಿಕೊಳ್ಳಬೇಕು. ಕಟ್ಟಡ ಕಟ್ಟಿಕೊಟ್ಟವರೂ, ಅದನ್ನು ನಡೆಸುವ ಖರ್ಚು ವರ್ಷ ವರ್ಷವೂ ಬರುತ್ತದೆಂದು ಮೊದಲೇ ಲೆಕ್ಕ ಹಾಕಿದ್ದರು. ಇಂದಿನ ಅರ್ಜಿ ನಮೂನೆಗಳಲ್ಲಿ "ಅನುದಾನದ ಅವಧಿ ಮುಗಿದ ಮೇಲೆ ಚಟುವಟಿಕೆ ಹೇಗೆ ಮುಂದುವರಿಯುತ್ತದೆ" ಎಂಬ ಕಲಮು ಇರುವುದು ಇದೇ ಕಾರಣಕ್ಕೆ. ಅದಕ್ಕೆ "ದಾನಿಗಳಿಂದ ಸಂಗ್ರಹಿಸುತ್ತೇವೆ" ಎಂದು ಬರೆದರೆ ಯಾರೂ ನಂಬುವುದಿಲ್ಲ. "ಎಂಟು ತಿಂಗಳಲ್ಲಿ ಆರು ಸ್ಥಳೀಯರು ಮೇಜು ನಡೆಸುವುದನ್ನು ಕಲಿತಿರುತ್ತಾರೆ, ಒಗಟುಗಳ ಪೆಟ್ಟಿಗೆ ಗ್ರಂಥಾಲಯದಲ್ಲೇ ಉಳಿಯುತ್ತದೆ, ಮುಂದಿನ ವರ್ಷ ಬೇಕಾಗುವುದು ಮುದ್ರಣದ ಖರ್ಚು ಮಾತ್ರ" ಎಂದು ಬರೆದರೆ ನಂಬುತ್ತಾರೆ.

ಕೊನೆಯ ಮಾತು, ಇದನ್ನು ದಯವಿಟ್ಟು ಅಲಕ್ಷಿಸಬೇಡಿ. ಅರ್ಜಿ ಬರೆಯುವ ಮುನ್ನ, ಯಾರ ಹಣವೂ ಇಲ್ಲದೆ, ಒಂದೇ ಒಂದು ಮೇಜಿನಲ್ಲಿ ಎರಡು ಬಾರಿ ಕೂಟ ನಡೆಸಿ. ಕಂಡದ್ದನ್ನು ಅಂದೇ ರಾತ್ರಿ ಅರ್ಧ ಪುಟ ಬರೆದಿಡಿ. ಸಮಿತಿಯಲ್ಲಿ ಕುಳಿತವರು ಒಂದು ಸಂಜೆಗೆ ನಲವತ್ತು ಅರ್ಜಿ ಓದುತ್ತಾರೆ; ಅವುಗಳಲ್ಲಿ ಹೆಚ್ಚಿನವು "ಮಕ್ಕಳಲ್ಲಿ ಗಣಿತಾಸಕ್ತಿ ಮೂಡಿಸಲಾಗುವುದು" ಎಂಬ ಒಂದೇ ಧಾಟಿಯಲ್ಲಿರುತ್ತವೆ. ನಿಜವಾಗಿ ನಡೆದ ಒಂದು ಸಂಗತಿ ಅವರಿಗೆ ಮರೆಯುವುದಿಲ್ಲ.

ಉತ್ತರ 2: ನಿವೃತ್ತ ಗಣಿತ ಅಧ್ಯಾಪಕ

ಮೇಲಿನ ಉತ್ತರವನ್ನು ಒಪ್ಪುತ್ತಾ, "ಪರಿಣಾಮ ತೋರಿಸುವುದು ಹೇಗೆ" ಎಂಬುದಕ್ಕಷ್ಟೇ ನನ್ನ ಅನುಭವವನ್ನು ಸೇರಿಸುತ್ತೇನೆ. ನಿವೃತ್ತಿಯ ನಂತರ ಗ್ರಂಥಾಲಯವೊಂದರಲ್ಲಿ ಮೇಜು ನಡೆಸುತ್ತಾ ಬಂದಿದ್ದೇನೆ.

ನಾನು ಸಾಮಾನ್ಯವಾಗಿ ಕಪ್ಪೆಗಳ ಆಟದಿಂದ ಆರಂಭಿಸುತ್ತೇನೆ. ರಟ್ಟಿನ ಮೇಲೆ ಸಾಲಾಗಿ ಏಳು ಮನೆ ಬರೆಯಬೇಕು. ಎಡಕ್ಕೆ ಮೂರು ಬಿಳಿ ಗುಂಡಿ, ಬಲಕ್ಕೆ ಮೂರು ಕಪ್ಪು ಗುಂಡಿ, ನಡುವಿನ ಮನೆ ಖಾಲಿ. ಬಿಳಿಯವು ಬಲಕ್ಕೆ ಮಾತ್ರ, ಕಪ್ಪಿನವು ಎಡಕ್ಕೆ ಮಾತ್ರ ಚಲಿಸಬೇಕು. ಮುಂದಿನ ಮನೆ ಖಾಲಿಯಿದ್ದರೆ ಅಲ್ಲಿಗೆ ಸರಿಯಬಹುದು, ಅಥವಾ ಎದುರು ಬಣ್ಣದ ಒಂದು ಗುಂಡಿಯನ್ನು ಹಾರಿ ಅದರಾಚೆಯ ಖಾಲಿ ಮನೆಗೆ ಹೋಗಬಹುದು. ಎರಡೂ ಗುಂಪು ಜಾಗ ಅದಲುಬದಲಾದರೆ ಆಟ ಮುಗಿಯಿತು. ಇದಕ್ಕೆ ಬೇಕಾಗುವುದು ಹಳೆಯ ಅಂಗಿಯ ಆರು ಗುಂಡಿ ಮತ್ತು ಒಂದು ರಟ್ಟು. ಹಾಗಾಗಿ ಸಾಮಗ್ರಿಯ ಬಾಬು ಚಿಕ್ಕದಿರಲಿ ಎಂಬ ಸಲಹೆ ಅಕ್ಷರಶಃ ಸರಿ.

ಒಮ್ಮೆ ಮೊಮ್ಮಗನನ್ನು ಕರೆದೊಯ್ಯಲು ಬಂದ ಅಜ್ಜಿಯೊಬ್ಬರು ನಿಂತೇ ನೋಡುತ್ತಿದ್ದರು. ಹುಡುಗ ನಾಲ್ಕು ಬಾರಿ ಸಿಕ್ಕಿಹಾಕಿಕೊಂಡ. ಅಜ್ಜಿ ಕುರ್ಚಿ ಎಳೆದುಕೊಂಡು ಕುಳಿತು, "ಮೂರು ಬೇಡ, ಒಂದೊಂದೇ ಇಟ್ಟು ನೋಡೋಣ" ಎಂದರು. ಒಂದೊಂದಕ್ಕೆ 3 ನಡೆ ಬೇಕಾಯಿತು. ಎರಡೆರಡಕ್ಕೆ 8. ಅಷ್ಟರಲ್ಲಿ ಬಿಳಿ ಎರಡು ಒಟ್ಟಿಗೆ ಅಂಟಿಕೊಂಡರೆ ದಾರಿ ಮುಚ್ಚುತ್ತದೆ ಎಂಬುದು ಇಬ್ಬರ ಬೆರಳಿಗೂ ತಿಳಿದುಹೋಗಿತ್ತು. ಮೂರು ಮೂರನ್ನು 15 ನಡೆಯಲ್ಲಿ ಮುಗಿಸಿದರು. ನಾನು ಆ ಸಂಖ್ಯೆಗಳನ್ನು ಚೀಟಿಯ ಮೇಲೆ ಸಾಲಾಗಿ ಬರೆದೆ, ಬೇರೇನೂ ಹೇಳಲಿಲ್ಲ. ಹುಡುಗ ಚೀಟಿಯನ್ನು ಮನೆಗೆ ಒಯ್ದ. ಮುಂದಿನ ಕೂಟಕ್ಕೆ ಬಂದವನೇ, "ಎಲ್ಲವೂ ವರ್ಗಸಂಖ್ಯೆಗೆ ಒಂದು ಕಡಿಮೆ, ನಾಲ್ಕು ನಾಲ್ಕು ಇಟ್ಟರೆ 24 ಆಗಬೇಕು" ಎಂದ. ಆಡಿ ನೋಡಿದೆವು, 24 ಆಯಿತು.

ಆ ಸಂಜೆಯನ್ನು ಅಂಕದಲ್ಲಿ ಅಳೆಯಲಾಗದು, ಆದರೆ ದಾಖಲಿಸಲು ಖಂಡಿತ ಆಗುತ್ತದೆ. ನಾನು ಮೇಜಿನ ಪಕ್ಕ ಒಂದು ಹಾಳೆ ಇಟ್ಟು ನಾಲ್ಕು ಸಂಗತಿಗಳಿಗೆ ಗೆರೆ ಎಳೆಯುತ್ತೇನೆ: ಹತ್ತು ನಿಮಿಷಕ್ಕಿಂತ ಹೆಚ್ಚು ಕೂತವರೆಷ್ಟು, ಹಿಂದಿನ ಬಾರಿ ಬಂದಿದ್ದು ಮತ್ತೆ ಬಂದವರೆಷ್ಟು, ಬೇರೆಯವರಿಗೆ ವಿವರಿಸಿದವರೆಷ್ಟು, ತಾವೇ ಹೊಸ ಪ್ರಶ್ನೆ ಕೇಳಿದವರೆಷ್ಟು. ಮಕ್ಕಳ ಹೆಸರು ಬರೆಯುವುದಿಲ್ಲ, ಅದರ ಅಗತ್ಯವೂ ಇಲ್ಲ. ಈ ಹಾಳೆಯ ಮಾದರಿಯನ್ನು ಅರ್ಜಿಯ ಜೊತೆಗೇ ಲಗತ್ತಿಸಿ. ವರದಿಯಲ್ಲಿ ಏನು ತೋರಿಸುತ್ತೀರೆಂದು ಮೊದಲೇ ಹೇಳಿದ ಅರ್ಜಿಗೆ "ಪರಿಣಾಮ ಸ್ಪಷ್ಟವಾಗಿಲ್ಲ" ಎಂಬ ಷರಾ ಬರೆಯುವುದು ಕಷ್ಟ.

ರಸಪ್ರಶ್ನೆ ಮತ್ತು ಬಹುಮಾನಗಳನ್ನು ತೆಗೆದುಬಿಡಿ ಎಂದು ನಾನು ಒತ್ತಿ ಹೇಳುತ್ತೇನೆ. ಬಹುಮಾನ ಇಟ್ಟ ದಿನ ಲೆಕ್ಕದಲ್ಲಿ ಚುರುಕಾದ ಐದಾರು ಮಕ್ಕಳು ಮುಂದೆ ಬರುತ್ತಾರೆ, ಉಳಿದವರು ಗೋಡೆಗೆ ಒರಗಿ ನೋಡುತ್ತಾರೆ, ಹಿರಿಯರು ಹತ್ತಿರವೇ ಸುಳಿಯುವುದಿಲ್ಲ. ಗಣಿತಜ್ಞೆ ಜೂಲಿಯಾ ರಾಬಿನ್‌ಸನ್ ಅವರ ಹೆಸರಿನಲ್ಲಿ 2007ರಲ್ಲಿ ಅಮೆರಿಕದಲ್ಲಿ ಆರಂಭವಾದ ಗಣಿತ ಉತ್ಸವಗಳಲ್ಲಿ ಸ್ಪರ್ಧೆಯೇ ಇಲ್ಲ. ಮೇಜಿಗೊಂದು ಒಗಟು, ಮೇಜಿಗೊಬ್ಬರು ಜೊತೆಗಾರರು. ಬೇಕಾದಲ್ಲಿ, ಬೇಕಾದಷ್ಟು ಹೊತ್ತು ಕೂರಬಹುದು. ಆ ಕ್ರಮವನ್ನು ನೀವು ಹಾಗೆಯೇ ಅನುಸರಿಸಬಹುದು. ಚಿತ್ರಗಳು, ಪ್ರದರ್ಶನದ ಹಾಳೆಗಳು ಬೇಕಾದರೆ, 2008ರಲ್ಲಿ ಜರ್ಮನಿಯ ಓಬರ್‌ವೊಲ್ಫಾಖ್ ಗಣಿತ ಸಂಶೋಧನಾ ಸಂಸ್ಥೆಯಿಂದ ಹೊರಟ ಇಮ್ಯಾಜಿನರಿ ಎಂಬ ಯೋಜನೆ ತನ್ನ ಸಾಮಗ್ರಿಯನ್ನು ಮುಕ್ತ ಪರವಾನಗಿಯಲ್ಲಿ ಇಟ್ಟಿದೆ.

ನೀವು ಗಣಿತ ಓದಿಲ್ಲವೆಂದು ಹಿಂಜರಿಯಬೇಡಿ ಮೇಡಂ. ಮೇಜಿನ ಬಳಿ ಉತ್ತರ ಗೊತ್ತಿಲ್ಲದವರು ಕೂತಾಗ ಮಕ್ಕಳು ಹೆಚ್ಚು ಮಾತಾಡುತ್ತಾರೆ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅಲ್ಲದೆ ಗಣಿತಕ್ಕೂ ಗ್ರಂಥಾಲಯಕ್ಕೂ ನಂಟು ಹಳೆಯದು. ಭಾರತದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ ಅವರು 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗುವ ಮುನ್ನ ಗಣಿತದ ಅಧ್ಯಾಪಕರಾಗಿದ್ದರು.

ಉತ್ತರ 3: ಇನ್ನೊಬ್ಬ ಗ್ರಂಥಪಾಲಕ

ನಮ್ಮ ಗ್ರಂಥಾಲಯಕ್ಕೆ ಇಂಥ ಅನುದಾನ ಒಮ್ಮೆ ಬಂದಿತ್ತು. ಹಣ ಕೊಟ್ಟ ಸಂಸ್ಥೆಯ ಹೆಸರು ಇಲ್ಲಿ ಬೇಡ. ಅದರಲ್ಲಿ ಮುಕ್ಕಾಲು ಭಾಗ ಕಿಟ್ ಖರೀದಿಗೆ ಹೋಯಿತು. ಖರೀದಿಸಿದ್ದೆಲ್ಲವೂ ದಾಸ್ತಾನು ಪುಸ್ತಕಕ್ಕೆ ಏರಿತು. ಒಂದು ತುಂಡು ಕಳೆದುಹೋದರೂ ಲೆಕ್ಕಪರಿಶೋಧನೆಯಲ್ಲಿ ಉತ್ತರ ಕೊಡಬೇಕಾದವನು ನಾನು. ಆ ಹೆದರಿಕೆಯಿಂದ ಕಿಟ್‌ಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಉದ್ಘಾಟನೆಯ ದಿನ ಹೊರಬಂದವು, ಮತ್ತೆ ಒಳಗೆ ಹೋದವು. ಎರಡು ವರ್ಷ ಮಕ್ಕಳು ಗಾಜಿನಾಚೆಯಿಂದ ನೋಡಿದ್ದಷ್ಟೇ. ಈಗಲೂ ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ನೀವು ಸಾಮಗ್ರಿಯನ್ನು "ಬಳಕೆಯಲ್ಲಿ ಸವೆಯುವ ವಸ್ತು" ಎಂಬ ಶೀರ್ಷಿಕೆಯಲ್ಲಿ ತೋರಿಸಿ, ಅದಕ್ಕೆ ಹಣ ಕೊಡುವವರ ಲಿಖಿತ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಒಗಟಿನ ಪೆಟ್ಟಿಗೆಯನ್ನು ಪುಸ್ತಕದಂತೆಯೇ ಮನೆಗೆ ಎರವಲು ಕೊಡಬಹುದು ಎಂಬ ಠರಾವನ್ನೂ ನಿಮ್ಮ ಆಡಳಿತ ಮಂಡಳಿಯಲ್ಲಿ ಮಾಡಿಸಿಕೊಳ್ಳಿ.

ಹಣ ಯಾವಾಗ ಬರುತ್ತದೆ ಎಂಬುದನ್ನು ಅರ್ಜಿ ಹಾಕುವ ಮುನ್ನವೇ ಕೇಳಿ ತಿಳಿದುಕೊಳ್ಳಿ. ಕೆಲವು ಸಂಸ್ಥೆಗಳು ಮುಂಗಡವಾಗಿ ಕಂತಿನಲ್ಲಿ ಕೊಡುತ್ತವೆ. ಇನ್ನು ಕೆಲವು, ಮೊದಲು ನೀವು ಖರ್ಚು ಮಾಡಿ ರಸೀದಿ ಸಲ್ಲಿಸಿದ ಮೇಲೆ ಮರುಪಾವತಿ ಮಾಡುತ್ತವೆ. ಕೈಯಲ್ಲಿ ಹಣವಿಲ್ಲದ ಸಣ್ಣ ಗ್ರಂಥಾಲಯ ಎರಡನೆಯ ಬಗೆಯ ಅನುದಾನಕ್ಕೆ ಕೈಹಾಕಿದರೆ ಗ್ರಂಥಪಾಲಕರು ತಮ್ಮ ಸಂಬಳದಿಂದ ಖರ್ಚು ಮಾಡಬೇಕಾಗುತ್ತದೆ, ನಾನು ಹಾಗೆ ಮಾಡಿದ್ದೇನೆ. ಗ್ರಂಥಾಲಯದ ಹೆಸರಿನಲ್ಲಿ ನೇರವಾಗಿ ಹಣ ಪಡೆಯಲು ಕಾನೂನಿನ ಅಡ್ಡಿಯಿದ್ದರೆ, ನೋಂದಾಯಿತ ಓದುಗರ ಬಳಗ ಅಥವಾ ಶಿಕ್ಷಣ ಸಂಸ್ಥೆಯೊಂದರ ಮೂಲಕ ಪಡೆಯುವ ವ್ಯವಸ್ಥೆ ಇದೆಯೇ ಎಂದೂ ವಿಚಾರಿಸಿ.

ಅನುದಾನಕ್ಕೆ ಸಮನಾದ ಪಾಲನ್ನು ಗ್ರಂಥಾಲಯವೂ ತೋರಿಸಬೇಕೆಂಬ ಷರತ್ತಿದ್ದರೆ ಎದೆಗುಂದಬೇಕಾಗಿಲ್ಲ. ಕೋಣೆಯ ಬಳಕೆ, ವಿದ್ಯುತ್ತು, ನಿಮ್ಮ ಗಂಟೆಗಳು, ಸ್ವಯಂಸೇವಕರ ಗಂಟೆಗಳು ಇವುಗಳಿಗೆ ಬೆಲೆ ಕಟ್ಟಿ ನಿಮ್ಮ ಪಾಲೆಂದು ತೋರಿಸಲು ಅನೇಕರು ಒಪ್ಪುತ್ತಾರೆ. ಆದರೆ ಅದಕ್ಕೆ ಮೊದಲ ದಿನದಿಂದಲೇ ಸಹಿ ಮಾಡಿದ ಗಂಟೆಗಳ ಲೆಕ್ಕ ಇರಬೇಕು. ಪ್ರವೇಶ ಶುಲ್ಕ ಇಟ್ಟು ಪಾಲು ತುಂಬಿಸೋಣವೆಂಬ ಸಲಹೆ ಬಂದರೆ ಮಾತ್ರ ಒಪ್ಪಬೇಡಿ. ಸಾರ್ವಜನಿಕ ಗ್ರಂಥಾಲಯದ ಸೇವೆ ತಾತ್ವಿಕವಾಗಿ ಉಚಿತವಾಗಿರಬೇಕು ಎಂಬುದು ಇಫ್ಲಾ (ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ) ಮತ್ತು ಯುನೆಸ್ಕೊ ಸೇರಿ ಹೊರಡಿಸಿದ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆಯಲ್ಲಿದೆ. 2022ರಲ್ಲಿ ಅದನ್ನು ಪರಿಷ್ಕರಿಸಿದಾಗಲೂ ಆ ಮಾತನ್ನು ಉಳಿಸಿಕೊಂಡಿದ್ದಾರೆ.

ಮತ್ತೆ, ಪ್ರಶ್ನೆ ಕೇಳಿದ ಗ್ರಂಥಪಾಲಕಿ

ಮೂವರಿಗೂ ಮನಸಾರೆ ಕೃತಜ್ಞತೆಗಳು. ಉತ್ತರ ಓದಿದ ಮೇಲೆ ಎರಡು ಶನಿವಾರ ಕಿಟಕಿಯ ಪಕ್ಕದ ಒಂದೇ ಮೇಜಿನಲ್ಲಿ ಕಪ್ಪೆಗಳ ಆಟ ಇಟ್ಟೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಏಳು ಮನೆ ಬರೆದು, ಬೇರೆ ಬೇರೆ ಬಣ್ಣದ ಗುಂಡಿ ಜೋಡಿಸಿದ್ದೆ. ಮೊದಲ ವಾರ ಒಂಬತ್ತು ಜನ ಕೂತರು, ಎರಡನೆಯ ವಾರ ಹದಿನಾಲ್ಕು; ಅವರಲ್ಲಿ ಆರು ಮಂದಿ ಮರಳಿ ಬಂದವರು. ನಾನು ಹಾಳೆಯಲ್ಲಿ ಗೆರೆ ಎಳೆಯುತ್ತಾ ಹೋದೆ. ಎರಡನೆಯ ವಾರ, ಪತ್ರಿಕೆ ಓದಲು ಮಾತ್ರ ಬರುವ ಹಿರಿಯರೊಬ್ಬರು ಮೇಜಿನ ಬಳಿ ನಿಂತು, ಒಂದು ಕಡೆ ಮೂರು, ಇನ್ನೊಂದು ಕಡೆ ಎರಡೇ ಗುಂಡಿ ಇಟ್ಟರೆ ಎಷ್ಟು ನಡೆ ಆಗುತ್ತದೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ, ಮಕ್ಕಳಿಗೂ ಗೊತ್ತಿರಲಿಲ್ಲ. ಬಾಗಿಲು ಹಾಕುವ ಹೊತ್ತಿಗೆ ಅವರೂ ಇಬ್ಬರು ಹುಡುಗಿಯರೂ ಸೇರಿ 11 ಎಂದು ಕಂಡುಕೊಂಡರು. ನಾಲ್ಕನೆಯ ಕಲಮಿನಲ್ಲಿ ಅದೊಂದೇ ಗೆರೆ ಇದೆ.

ಅಂದಾಜು ಪಟ್ಟಿಯನ್ನು ಪೂರ್ತಿ ತಿದ್ದಿದ್ದೇನೆ. ವೇದಿಕೆ, ಧ್ವನಿವರ್ಧಕ, ಬಹುಮಾನ ಎಲ್ಲವನ್ನೂ ತೆಗೆದು, ಎಂಟು ತಿಂಗಳಿಗೆ ಇಬ್ಬರು ಜೊತೆಗಾರರ ಗೌರವಧನ, ಪ್ರಯಾಣ ಮತ್ತು ಕೂಟದ ದಿನಕ್ಕೊಬ್ಬ ಸಹಾಯಕರನ್ನು ಸೇರಿಸಿದ್ದೇನೆ. ಒಟ್ಟು ಮೊತ್ತ ಕಳೆದ ವರ್ಷಕ್ಕಿಂತ ಕಡಿಮೆಯೇ ಆಗಿದೆ. ಒಂದು ಸಂದೇಹ ಉಳಿದಿದೆ. ಹಿಂದಿನ ವರ್ಷ ತಿರಸ್ಕರಿಸಿದ ಪ್ರತಿಷ್ಠಾನಕ್ಕೇ ಮತ್ತೆ ಕಳುಹಿಸಬಹುದೇ?

ಉತ್ತರ 1 ಬರೆದವರಿಂದ

ಖಂಡಿತ ಕಳುಹಿಸಿ ಮೇಡಂ. ತಿರಸ್ಕೃತವಾದ ಅರ್ಜಿ ತಿದ್ದುಪಡಿಯಾಗಿ ಬಂದಾಗ ಸಮಿತಿ ಅದನ್ನು ಹೆಚ್ಚು ಗಮನವಿಟ್ಟು ಓದುವುದನ್ನು ನಾನು ಕಂಡಿದ್ದೇನೆ. ಹಿಂದಿನ ಷರಾವನ್ನು ಮೊದಲ ಪುಟದಲ್ಲೇ ಉಲ್ಲೇಖಿಸಿ, ಅದರ ಕೆಳಗೆ ಏನೇನು ಬದಲಾಯಿಸಿದ್ದೀರೆಂದು ನಾಲ್ಕು ಸಾಲು ಬರೆಯಿರಿ. ಕಳುಹಿಸುವ ಮುನ್ನ ಅಲ್ಲಿನ ಕಾರ್ಯಕ್ರಮಾಧಿಕಾರಿಗೆ ಒಮ್ಮೆ ದೂರವಾಣಿ ಮಾಡಿ, ಗೌರವಧನದ ಬಾಬಿಗೆ ಮಿತಿ ಇದೆಯೇ, ಹಣ ಮುಂಗಡವೋ ಮರುಪಾವತಿಯೋ ಎಂಬ ಎರಡು ಪ್ರಶ್ನೆ ಕೇಳಿ. ಎರಡು ಶನಿವಾರದ ಆ ಹಾಳೆಯನ್ನು ಟೈಪು ಮಾಡಿಸಬೇಡಿ. ಕೈಬರಹದಲ್ಲಿರುವಂತೆಯೇ ಪ್ರತಿ ತೆಗೆದು ಲಗತ್ತಿಸಿ, ನಾಲ್ಕನೆಯ ಕಲಮಿನ ಆ ಒಂದು ಗೆರೆಯ ಮುಂದೆ ಹಿರಿಯರು ಕೇಳಿದ ಪ್ರಶ್ನೆಯನ್ನೂ 11 ಎಂಬ ಉತ್ತರವನ್ನೂ ಬರೆದಿಡಿ.